ಅಮ್ಮನ ಮುಖಕ್ಕೆ ಕಡಲೆಕಾಯಿ ಎಣ್ಣೆ

ಸಾದಲಿಯ ರಮೇಶ್‌ಬಾಬು ತನ್ನ ಅಮ್ಮನ ಮುಖಕ್ಕೆ ಕಡಲೆಕಾಯಿ ಎಣ್ಣೆ ಬೆರೆಸಬಾರದಿತ್ತು.

ನಿಜವಾದ ಮುಖಕ್ಕಲ್ಲ, ಕ್ಯಾನ್ವಾಸಿನ ಮೇಲೆ ಅವನೇ ಬರೆದ ಮುಖಕ್ಕೆ. ಅರ್ಧ ಲೋಟ ಎಣ್ಣೆ, ಅಷ್ಟೇ. ಆದರೆ ಆ ಅರ್ಧ ಲೋಟ ಅವನನ್ನು ಒಂದು ಭಾನುವಾರವಿಡೀ ಹೇಗೆ ಕುಣಿಸಿತೆಂದರೆ, ಕಾದ ಬಾಣಲೆಗೆ ಬಿದ್ದ ಹಪ್ಪಳ ಕೂಡ ಅಷ್ಟು ಹೊರಳಾಡುವುದಿಲ್ಲ.

ರಮೇಶ್‌ಬಾಬು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ವಾರದ ಆರು ದಿನ ಹೆಡ್‌ಮಾಸ್ಟರ ಕೈಕೆಳಗೆ, ಏಳನೆಯ ದಿನ ತಾಯಿ ಚಿಕ್ಕವೆಂಕಟಮ್ಮನ ಕೈಕೆಳಗೆ. ಮನೆಯ ಹಿಂದೆ ಅವರ ಹುಳದ ಮನೆ. ರೇಷ್ಮೆಹುಳಕ್ಕೆ ಭಾನುವಾರ, ಹಬ್ಬ, ರಜ ಒಂದೂ ಗೊತ್ತಿಲ್ಲ. ಮೂರು ಹೊತ್ತೂ ಹಿಪ್ಪುನೇರಳೆ ಸೊಪ್ಪು ಬೇಕು. ಅದರಲ್ಲೂ ಮರಿ ಹುಳಕ್ಕಾದರೆ ಸಾರಿಗೆ ಕೊತ್ತಂಬರಿ ಹೆಚ್ಚಿದಷ್ಟು ಸಣ್ಣಗೆ ಹೆಚ್ಚಿದ ಎಳೆ ಸೊಪ್ಪೇ ಆಗಬೇಕು. ಈಚೆಗೆ ಊರವರೆಲ್ಲ ಸ್ವಲ್ಪ ಬೆಳೆದ ಹುಳವನ್ನೇ ಹೊರಗಿನಿಂದ ತರುತ್ತಿದ್ದರೂ ಚಿಕ್ಕವೆಂಕಟಮ್ಮ ಮಾತ್ರ ಮೊಟ್ಟೆ ಒಡೆಯುವುದರಿಂದ ಹಿಡಿದು ಎಲ್ಲವನ್ನೂ ತಾನೇ ಮಾಡುವವಳು. "ಎಳೇ ಕೂಸನ್ನ ಇನ್ನೊಬ್ರ ಮಡಿಲಿಗೆ ಹಾಕಿ, ಬೆಳೆದ ಮೇಲೆ ಕೈ ಹಿಡ್ಕೊಂಡು ಕರ್ಕೊಂಡ್ ಬರೋದಾ?" ಎನ್ನುವಳು. ಅವಳನ್ನು ಯಾವ ಹೊತ್ತಿನಲ್ಲಿ ನೋಡಿದರೂ ತಲೆಯಲ್ಲಿ, ಹೆಗಲಲ್ಲಿ ನಾಲ್ಕು ಸೊಪ್ಪಿನ ಚೂರು ಇರುತ್ತಿದ್ದವು. ಬ್ಯಾಂಕಿಗೆ ಹೋದಾಗ ಮ್ಯಾನೇಜರ ಮೇಜಿನ ಮೇಲೂ ಒಂದೆರಡು ಉದುರಿಸಿ ಬಂದಿದ್ದಳು.

ಭಾನುವಾರದ ಈ ಸೊಪ್ಪು ಹೆಚ್ಚುವ ಕೆಲಸದಿಂದ ತಪ್ಪಿಸಿಕೊಳ್ಳಲೆಂದೇ ರಮೇಶ್‌ಬಾಬು ಚಿತ್ರ ಕಲಿಯಲು ಹೊರಟದ್ದು. ಶಿಡ್ಲಘಟ್ಟದಲ್ಲಿ ರಂಜನಿ ಮೇಡಂ ತಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಬೆಳಗಿನ ತರಗತಿ ನಡೆಸುತ್ತಿದ್ದರು. ಹೋದದ್ದು ನೆಪಕ್ಕೆ. ಆದರೆ ಕೆಲವೇ ವಾರಗಳಲ್ಲಿ ನೆಪ ಕಳಚಿಬಿದ್ದು, ನಿಜವಾದ ಹುಚ್ಚೇ ಹಿಡಿಯಿತು.

ಮೊದಲು ಕಲಿತದ್ದು ನೀರಿನ ಬಣ್ಣ. "ಇದ್ರಲ್ಲಿ ಬಿಳಿ ಅನ್ನೋದನ್ನ ಹಚ್ಚೋದಲ್ಲ, ಬಿಡೋದು. ಎಲ್ಲಿ ಬೆಳಕು ಬೇಕೋ ಅಲ್ಲಿ ಕಾಗದವನ್ನ ಅದರ ಪಾಡಿಗೆ ಬಿಟ್ಬಿಡಿ. ಒಂದು ಪದರ ಆರೋವರೆಗೂ ಇನ್ನೊಂದು ಹಚ್ಚಬೇಡಿ," ಎಂದು ಮೇಡಂ ಹೇಳಿಕೊಟ್ಟರು. ಬಿಡುವುದೂ ಕಾಯುವುದೂ ರಮೇಶ್‌ಬಾಬುವಿಗೆ ಹುಟ್ಟಿದಾಗಿನಿಂದ ಬಂದ ಗುಣಗಳಲ್ಲ. ಅವನು ಸ್ಕಂದಗಿರಿ ಬರೆದರೆ ಆಕಾಶ ಕರಗಿ ಬೆಟ್ಟಕ್ಕಿಳಿಯುತ್ತಿತ್ತು, ಬೆಟ್ಟ ಕರಗಿ ಹೊಲಕ್ಕಿಳಿಯುತ್ತಿತ್ತು, ಕಾಗದ ಕಾವಲಿಯ ಮೇಲಿನ ದೋಸೆಯಂತೆ ಅಂಚೆತ್ತಿಕೊಂಡು ನಿಲ್ಲುತ್ತಿತ್ತು. ಅಂಚಿಗೆ ಟೇಪು ಹಚ್ಚಿ ಹಲಗೆಗೆ ಅಂಟಿಸಿಕೊಟ್ಟರೂ ಅಷ್ಟೇ. ಆದರೂ ರಂಜನಿ ಮೇಡಂ ಒಮ್ಮೆಯೂ ಗದರಿದವರಲ್ಲ. ಕೆಟ್ಟುಹೋದ ಪ್ರತಿ ಹಾಳೆಯಲ್ಲೂ ಒಂದು ಒಳ್ಳೆಯ ಮೂಲೆ ಹುಡುಕುವರು. "ನೋಡಿ, ಇಲ್ಲಿ ನೀಲಿ ಎಷ್ಟು ಚೆನ್ನಾಗಿ ಹರಡಿದೆ!" ಎನ್ನುವರು. ಆ ಮಾತಿಗೆ ರಮೇಶ್‌ಬಾಬು ಮನೆಯವರೆಗೂ ನೆಲ ಮುಟ್ಟದೆ ಬರುವನು.

ಕೊನೆಗೊಂದು ದಿನ ಮೇಡಂ ಹೇಳಿದರು. "ರಮೇಶ್‌ಬಾಬು, ನೀರಿನ ಬಣ್ಣ ತಪ್ಪನ್ನ ಕ್ಷಮಿಸಲ್ಲ. ಎಣ್ಣೆ ಬಣ್ಣ ಕ್ಷಮಿಸತ್ತೆ. ಸರಿಯಿಲ್ಲ ಅನ್ಸಿದ್ರೆ ಕೆರೆದು ಮತ್ತೆ ಹಚ್ಚಬಹುದು. ನಿಮಗೆ ಅದೇ ಸರಿ."

ಎಣ್ಣೆ ಬಣ್ಣದ ಟ್ಯೂಬು, ಕ್ಯಾನ್ವಾಸು, ಚಪ್ಪಟೆ ಕುಂಚ, ಅಗಸೆ ಎಣ್ಣೆ, ಟರ್ಪೆಂಟೈನು ಎಲ್ಲವೂ ಮನೆಗೆ ಬಂದವು. ತಳದ ಪದರಕ್ಕೆ ಟರ್ಪೆಂಟೈನು ಸೇರಿಸಿ ಬಣ್ಣ ತೆಳ್ಳಗೆ ಮಾಡಬೇಕು, ಮೇಲಿನ ಪದರಗಳಿಗೆ ಎಣ್ಣೆ ಹೆಚ್ಚಿಸುತ್ತ ಹೋಗಬೇಕು ಎಂಬ ಪಾಠವೂ ಆಯಿತು. ರಮೇಶ್‌ಬಾಬು ನಡುಮನೆಯಲ್ಲಿ ಕೂತು ಟರ್ಪೆಂಟೈನ್ ಸೀಸೆಯ ಮುಚ್ಚಳ ತೆಗೆದ. ಇನ್ನೂ ಕುಂಚ ಅದ್ದಿರಲಿಲ್ಲ, ಎದುರುಮನೆಯ ವೆಂಕಟರವಣಪ್ಪ ಮೂಗು ಹಿಡಿದುಕೊಂಡು ಒಳಗೇ ಬಂದ.

"ಏನೋ ಬಾಬು ಇದು ಘಾಟು! ನಮ್ಮ ಹುಳ ಈಗ್ತಾನೆ ಮೂರನೇ ಜ್ವರ ಎದ್ದಿವೆ. ಸೊಪ್ಪು ಹಾಕಿದ್ರೆ ಮುಖ ತಿರುಗಿಸ್ತಾವೆ!"

ಹುಳ ಪೊರೆ ಬಿಡುವುದಕ್ಕೆ ಅಲ್ಲಿ ಜ್ವರವೆಂದೇ ಹೆಸರು. ಜ್ವರ ಎದ್ದ ಹುಳವೆಂದರೆ ಬಾಣಂತಿಗಿಂತ ಸೂಕ್ಷ್ಮ. ಆ ಬೀದಿಯಲ್ಲಿ ಸೊಳ್ಳೆಬತ್ತಿ ಹಚ್ಚುವವರಿಲ್ಲ. ಸೆಂಟು ಪೂಸಿಕೊಂಡು ಬಂದ ಹೊಸ ಅಳಿಯನನ್ನೂ ಜಗುಲಿಯಲ್ಲೇ ಕೂರಿಸಿ ಕಾಫಿ ಕೊಡುತ್ತಾರೆ. ಅಂಥ ಕಡೆ ಟರ್ಪೆಂಟೈನು! ಬೀದಿಯವರೆಲ್ಲ ಸಾಲಾಗಿ ಬಂದು ಸೀಸೆ ಮೂಸಿದರು, ಸಾಲಾಗಿ ಮುಖ ಸಿಂಡರಿಸಿದರು. ಅಗಸೆ ಎಣ್ಣೆಯನ್ನೂ ಮೂಸಿದರು. "ಇದೂ ಅನುಮಾನವೇ," ಎಂದರು. ಎರಡೂ ಸೀಸೆಗಳು ಊರಾಚೆಯ ಪಂಪ್‌ಹೌಸಿಗೆ ಗಡೀಪಾರಾದವು.

ಮಗನ ಸಪ್ಪೆ ಮುಖ ನೋಡಲಾರದೆ ಚಿಕ್ಕವೆಂಕಟಮ್ಮ ಅಡುಗೆಮನೆಯಿಂದ ಅರ್ಧ ಲೋಟ ತಂದಿಟ್ಟಳು. "ಎಣ್ಣೆ ಬಣ್ಣಕ್ಕೆ ಎಣ್ಣೆ ತಾನೇ ಬೇಕು? ತಗೋ, ಗಾಣದ ಕಡಲೆಕಾಯಿ ಎಣ್ಣೆ. ಇದಕ್ಕೆ ಹುಳ ಏನೂ ಅನ್ನಲ್ಲ."

ಹುಳ ಏನೂ ಅನ್ನಲಿಲ್ಲ. ಬಣ್ಣವೂ ಬೆಣ್ಣೆಯ ಹಾಗೆ ಹರಡಿತು. ರಮೇಶ್‌ಬಾಬು ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡು ಅವಳ ಮುಖ ಬರೆಯಲು ಶುರುಮಾಡಿದ. ಪಟಕ್ಕೆ ಕೂರುವುದೆಂದರೆ ಸುಮ್ಮನೆಯೇ? ಚಿಕ್ಕವೆಂಕಟಮ್ಮ ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿ, ಮದುವೆಯ ಕೆಂಪು ಸೀರೆ ಉಟ್ಟು, ಫೋಟೋ ಸ್ಟುಡಿಯೋದಲ್ಲಿ ಕೂತವಳಂತೆ ಉಸಿರು ಹಿಡಿದು ಕೂತಳು.

ಚಿತ್ರ ಮುಗಿಯಿತು. ನೋಡಿದವರೆಲ್ಲ ಒಂದೇ ಮಾತು ಹೇಳಿದರು. "ಚೆನ್ನಾಗಿದೆ. ಆದ್ರೆ ಏನೋ ಒಂದಿಲ್ಲ." ವೆಂಕಟರವಣಪ್ಪ ಮೂಗು ಮೊಂಡಾಯಿತೆಂದ. ರಮೇಶ್‌ಬಾಬು ಮೂಗು ಉದ್ದ ಮಾಡಿದ. ಹೆಂಡತಿ ಶೋಭಾರಾಣಿ, "ಅತ್ತೆ ಕಣ್ಣು ಇಷ್ಟು ಶಾಂತವಾಗಿ ಯಾವತ್ರೀ ಇತ್ತು?" ಎಂದಳು. ಕಣ್ಣು ತಿದ್ದಿದ. ಏನು ತಿದ್ದಿದರೂ ಆ ಏನೋ ಒಂದು ಬರಲೇ ಇಲ್ಲ. ಕೊನೆಗೆ ಚಿಕ್ಕವೆಂಕಟಮ್ಮನೇ ಕೈ ಸೊಂಟಕ್ಕಿಟ್ಟುಕೊಂಡು ನೋಡಿ, "ಯಾರ ಮನೆ ಹೆಂಗಸಪ್ಪ ಇವಳು? ಹೆಣ್ಣು ಕೇಳೋಕ್ ಬಂದಿರೋ ಹಂಗಿದಾಳೆ," ಎಂದಳು.

ಅವಳೇ ಒಂದು ಒಪ್ಪಂದಕ್ಕೂ ಬಂದಳು. ಚಿಕ್ಕಬಳ್ಳಾಪುರದ ಸಮುದಾಯ ಭವನದಲ್ಲಿ, ಯುಗಾದಿಯವರೆಗೆ ಪ್ರತಿ ಭಾನುವಾರ, ಸುತ್ತಲ ತಾಲ್ಲೂಕುಗಳಲ್ಲಿ ಚಿತ್ರ ಕಲಿಯುತ್ತಿರುವವರ ಪ್ರದರ್ಶನವೆಂದು ಗೊತ್ತಾಗಿತ್ತು.

"ನೋಡು ಬಾಬು, ನಾಲ್ಕು ಜನ ನೋಡೋ ಗೋಡೆ ಮೇಲೆ ಈ ಪಟ ನೇತಾಡ್ಲಿ, ಆಮೇಲೆ ಭಾನುವಾರ ಸೊಪ್ಪು ಹೆಚ್ಚೋಕೆ ನಿನ್ನ ಕರೆಯೋದೇ ಇಲ್ಲ. ಗೋಡೆಗೆ ಏರಲಿಲ್ವಾ, ಬಣ್ಣದ ಡಬ್ಬ ಅಟ್ಟ ಸೇರ್ಬೇಕು, ನೀನು ಹುಳದ ಮನೆ ಸೇರ್ಬೇಕು. ಆಗಬಹುದಾ?"

"ಆಗಬಹುದಮ್ಮ," ಎಂದ ರಮೇಶ್‌ಬಾಬು. ಹೇಳಿದ ಮೇಲೆ ಯೋಚನೆ ಹತ್ತಿತು. ಡಬ್ಬ ಅಟ್ಟ ಸೇರಿದರೆ ರಂಜನಿ ಮೇಡಂ ಇನ್ನು ಯಾವ ಹಾಳೆಯ ಯಾವ ಮೂಲೆಯನ್ನು ಹೊಗಳಬೇಕು?

ಪ್ರದರ್ಶನದ ಮೊದಲ ಭಾನುವಾರ ಬೆಳಗ್ಗೆ ಎದ್ದು ರಮೇಶ್‌ಬಾಬು ಚಿತ್ರದ ಕೆನ್ನೆ ಮುಟ್ಟಿ ನೋಡಿದ. ಬೆರಳು ಕೆಂಪಾಯಿತು. ವಾರಗಳ ಹಿಂದೆ ಹೇಗಿತ್ತೋ ಹಾಗೇ ಇತ್ತು, ಹಸಿ ಹಸಿ. ಅಷ್ಟರಲ್ಲಿ ಮೇಡಂ ಫೋನು.

"ಮಧ್ಯಾಹ್ನದೊಳಗೆ ಚಿತ್ರ ತಂದ್ಬಿಡಿ. ಒಣಗಿದೆ ತಾನೇ? ಹಸಿ ಇದ್ರೆ ಗೋಡೆಗೆ ಹಾಕಲ್ಲ ಅಂತ ನಿಯಮ ಇದೆ."

"ಇನ್ನೂ ಸ್ವಲ್ಪ ಹಸಿ ಇದೆ ಮೇಡಂ."

"ಇಷ್ಟು ದಿನ ಆದ್ರೂನಾ? ಯಾವ ಎಣ್ಣೆ ಹಾಕಿದ್ರಿ?"

"ಕಡಲೆಕಾಯಿ ಎಣ್ಣೆ."

ಮೇಡಂ ಮಗುವನ್ನು ಕೇಳುವಂತೆ ಕೇಳಿದರು. "ರಮೇಶ್‌ಬಾಬು, ವಡೆ ಕರಿದ ಎಣ್ಣೆ ಯಾವತ್ತಾದ್ರೂ ಒಣಗಿದ್ದು ನೋಡಿದೀರಾ?"

"ಇಲ್ಲ ಮೇಡಂ."

"ಅಗಸೆ ಎಣ್ಣೆಗೆ ಗಾಳಿ ತಾಗಿದ್ರೆ ಗಟ್ಟಿಯಾಗತ್ತೆ. ಅದಕ್ಕೇ ಅದು ಬೇಕಾಗಿದ್ದು. ಕಡಲೆಕಾಯಿ ಎಣ್ಣೆ ಹೀಗೇ ಇರತ್ತೆ." ದನಿ ಮೆತ್ತಗಾಯಿತು. "ಇರ್ಲಿ. ಹೇಗಾದ್ರೂ ತನ್ನಿ, ನೋಡೋಣ."

ಒಣಗದ್ದನ್ನು ಒಣಗಿಸುವುದು ಹೇಗೆಂದು ಬೀದಿಗೆ ಬೀದಿಯೇ ತಲೆ ಕೆಡಿಸಿಕೊಂಡಿತು. ಶೋಭಾರಾಣಿ ಚಿತ್ರವನ್ನು ಬಿಸಿಲಿಗಿಟ್ಟಳು. ಬಿಸಿಲಿಗೆ ಬಣ್ಣ ಇನ್ನಷ್ಟು ಮೆತ್ತಗಾಗಿ ಗಲ್ಲ ಒಂದು ಬೆರಳಷ್ಟು ಕೆಳಗಿಳಿಯಿತು. ಎಲ್ಲಿಂದಲೋ ಬಂದ ನೊಣವೊಂದು ಹಣೆಯ ಮೇಲೆ ಕೂತು, ಮತ್ತೆ ಏಳಲಾರದೆ, ಎರಡನೆಯ ಬೊಟ್ಟಾಗಿ ಉಳಿಯಿತು. ರಮೇಶ್‌ಬಾಬು ಸೂಜಿಯಿಂದ ನೊಣ ಬಿಡಿಸುತ್ತಿದ್ದಾಗ ವೆಂಕಟರವಣಪ್ಪ ಹಿಂದಿನ ದಿನದ ಪೇಪರು ಹಿಡಿದು ಬಂದ.

"ಬೋಂಡದ ಎಣ್ಣೆ ಹೆಂಗ್ ತೆಗೀತಾರೆ? ಪೇಪರ್ ಮೇಲಿಟ್ಟು ಒತ್ತಿದ್ರೆ ಆಯ್ತಪ್ಪ!" ಎಂದು, ಬೇಡ ಬೇಡ ಎನ್ನುವುದರೊಳಗೆ ಸೀರೆಯ ಅಂಚಿನ ಮೇಲೆ ಒತ್ತಿಯೇಬಿಟ್ಟ.

ಪೇಪರು ಬಿಡಿಸಿದರೆ ಅದರಲ್ಲಿದ್ದ ಟ್ರ್ಯಾಕ್ಟರ್ ಹರಾಜಿನ ಜಾಹೀರಾತು, ಅಕ್ಷರ ತಿರುಗುಮುರುಗಾಗಿ, ಕೆಂಪು ಸೀರೆಯ ಉದ್ದಕ್ಕೂ ಇಳಿದಿತ್ತು.

"ಜರಿ ಅಂಚಿನ ಹಂಗೇ ಕಾಣ್ತದೆ ಬಿಡು," ಎಂದು ವೆಂಕಟರವಣಪ್ಪ ತಾನೇ ಸಮಾಧಾನ ಮಾಡಿಕೊಂಡು ಮನೆಗೆ ಹೋದ.

ರಮೇಶ್‌ಬಾಬು ಜಗುಲಿಯ ಮೇಲೆ ಕುಸಿದ. ಹಸಿ ಚಿತ್ರವನ್ನು ಯಾವುದಕ್ಕೂ ತಾಗಿಸದೆ ಬಸ್ಸಿನಲ್ಲಿ ಒಯ್ಯುವುದು ಹೇಗೆ? ಆಗಲೂ ದಾರಿ ತೋರಿಸಿದವಳು ಚಿಕ್ಕವೆಂಕಟಮ್ಮನೇ. ಗೆಲ್ಲಬೇಕಾದರೆ ಮಗ ಗೋಡೆಯವರೆಗೆ ಹೋಗಿಯೇ ಗೆಲ್ಲಲಿ, ದಾರಿಯಲ್ಲಿ ಸೋಲಬಾರದು ಎಂಬುದು ಅವಳ ನ್ಯಾಯ. ಹುಳ ಸಾಕುವ ಎರಡು ಬಿದಿರಿನ ತಟ್ಟೆ ತಂದಳು. ಅಂಚು ಎತ್ತರವಿರುವ, ಒಬ್ಬರು ತಬ್ಬಿ ಹಿಡಿಯುವಷ್ಟು ಅಗಲದ ದುಂಡು ತಟ್ಟೆಗಳು. ಒಂದರೊಳಗೆ ಚಿತ್ರವನ್ನು ಮುಖ ಮೇಲೆ ಮಾಡಿ ಮಲಗಿಸಿ, ಇನ್ನೊಂದನ್ನು ಅದರ ಮೇಲೆ ಬೋರಲು ಹಾಕಿ, ಒದ್ದೆ ಬಿಳಿ ಬಟ್ಟೆಯಿಂದ ಸುತ್ತಿ ಕಟ್ಟಿದಳು.

"ಹಿಂಗೇ ಮಟ್ಟಸವಾಗಿ ಹಿಡ್ಕೊಂಡ್ ಹೋಗು. ಮಧ್ಯಾಹ್ನದ ಸೊಪ್ಪು ಹಾಕ್ಬಿಟ್ಟು ನಾನೂ ಶೋಭನೂ ಹಿಂದೆ ಬರೋ ಬಸ್ಸಿಗೆ ಬರ್ತೀವಿ."

ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ರಮೇಶ್‌ಬಾಬು ತಟ್ಟೆ ತಬ್ಬಿಕೊಂಡು, ಹತ್ತುವುದೋ ಬಿಡುವುದೋ ಎಂದು ನಿಂತಿದ್ದಾಗ ಕಂಡಕ್ಟರನ ಕಣ್ಣು ತಟ್ಟೆಯ ಮೇಲೆ ಬಿತ್ತು.

"ಹುಳ ಇದಾವೆ ಕಣ್ರಪ್ಪಾ, ಜಾಗ ಬಿಡಿ! ಏಯ್, ಒತ್ತಬೇಡಿ, ಹುಳ!"

ಪವಾಡದಂತೆ ದಾರಿಯಾಯಿತು. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡಿದ್ದವನೊಬ್ಬ ಕಿಟಕಿಯಾಚೆ ಉಗಿದು, ತಾನಾಗಿಯೇ ಹಿಂದಿನ ಸೀಟಿಗೆ ಹೋದ. ಮಲ್ಲಿಗೆ ಸೆಂಟಿನ ಹುಡುಗಿಯೊಬ್ಬಳು ದೂರ ಸರಿದು ಕರವಸ್ತ್ರ ಬೀಸಿಕೊಂಡಳು. ಡ್ರೈವರು ಹಂಪು ಬಂದಾಗಲೆಲ್ಲ ಹಾಲು ತುಂಬಿದ ಪಾತ್ರೆ ಇಳಿಸುವವನಂತೆ ನಿಧಾನ ಮಾಡಿದ. ಮದುಮಗನಾಗಿ ಇದೇ ದಾರಿಯಲ್ಲಿ ಬಂದಾಗಲೂ ರಮೇಶ್‌ಬಾಬುವಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಇದು ಹುಳವಲ್ಲ, ಪಟ ಎಂದು ಹೇಳಬೇಕೆಂದು ಅವನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಟಾಪಿನ ಮೇಲೆ ಹಾಕು ಎನ್ನುತ್ತಾರೆ. ಅವನು ನಾಲಿಗೆಯನ್ನು ಒಳಗೆ ಎಳೆದುಕೊಂಡ.

ಸೀಟಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎರಡೂ ಕೈ ಚಾಚಿದಳು. "ನಿಂತ್ಕೊಂಡು ಎಷ್ಟೊತ್ತು ಹಿಡೀತೀಯ ನಾಯನಾ, ಇಲ್ಲಿ ಕೊಡು. ನಾನು ಅಮ್ಮಾಜಮ್ಮ ಅಂತ, ಹುಟ್ಟಿದಾಗಿಂದ ಹುಳದ ಜೊತೇನೇ ಇದೀನಿ. ಮಡಿಲಲ್ಲಿಟ್ಕೋತೀನಿ."

ಕೊಡಲೇಬೇಕಾಯಿತು. ಅಮ್ಮಾಜಮ್ಮ ತಟ್ಟೆಯನ್ನು ಮೊಮ್ಮಗುವಿನಂತೆ ಮಡಿಲಲ್ಲಿಟ್ಟುಕೊಂಡಳು. ಮುಂದಿನ ಊರಿನಲ್ಲಿ ಮತ್ತಷ್ಟು ಜನ ಹತ್ತಿ, ರಮೇಶ್‌ಬಾಬುವನ್ನು ನೂಕಿಕೊಂಡು ಹಿಂದಿನ ಬಾಗಿಲವರೆಗೆ ಒಯ್ದರು. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಅಜ್ಜಿಯ ಬಿಳಿ ತುರುಬು ಮಾತ್ರ.

ಚಿಕ್ಕಬಳ್ಳಾಪುರ ಬಂದಾಗ ಅವನು ಜನರ ನಡುವೆ ತೂರಿ ಬಂದು ತಟ್ಟೆ ತೆಗೆದುಕೊಂಡು ಇಳಿದ. ಅಮ್ಮಾಜಮ್ಮ ಕಿಟಕಿಯಿಂದ ತಲೆ ಹಾಕಿದಳು.

"ನಾಯನಾ, ಕೋಪ ಮಾಡ್ಕೋಬೇಡ. ತಟ್ಟೆ ಒಳಗೆ ಸದ್ದೇ ಇರ್ಲಿಲ್ಲ. ಹಸಿದು ಮಂಕಾಗಿದಾವೆ ಅಂತ ಹೊಟ್ಟೆ ಚುರ್ ಅಂತು. ನನ್ ಮಗಳ ಮನೆ ಮರಿ ಹುಳಕ್ಕೇ ಅಂತ ಎಳೇ ಸೊಪ್ಪು ಹೆಚ್ಕೊಂಡು ತಂದಿದ್ದೆ. ಬಟ್ಟೆ ಸರಿಸಿ, ಮೇಲಿನ ತಟ್ಟೆ ಒಂಚೂರು ಎತ್ತಿ, ಎರಡು ಹಿಡಿ ಉದುರಿಸಿದೀನಿ."

"ಅಜ್ಜೀ!" ಎಂದ ರಮೇಶ್‌ಬಾಬು.

"ಅಯ್ಯೋ, ನೋಡಿಲ್ಲಪ್ಪ, ದೃಷ್ಟಿ ಆಗತ್ತೆ ಅಂತ ಗೊತ್ತಿಲ್ವಾ ನಂಗೆ? ಕಣ್ಣು ಮುಚ್ಕೊಂಡೇ ಹಾಕ್ದೆ. ಪುಣ್ಯ ಬರ್ಲಿ ನಿಂಗೆ, ಒಳ್ಳೇ ಗೂಡಾಗ್ಲಿ!"

ಬಸ್ಸು ಹೊರಟುಹೋಯಿತು.

ಭವನಕ್ಕೆ ಅವನು ಹೇಗೆ ನಡೆದನೋ ಅವನಿಗೇ ತಿಳಿಯದು. ಒಳಗೆ ಗೋಡೆಗಳೆಲ್ಲ ಆಗಲೇ ತುಂಬಿದ್ದವು. ಆ ಸಂಕಟದಲ್ಲೂ ಅವನ ಕಾಲು ಒಂದು ಕಡೆ ತಾನಾಗಿ ನಿಂತಿತು. ಸೌಜನ್ಯ ಎಂಬ ಕಾಲೇಜು ಹುಡುಗಿ ನೀರಿನ ಬಣ್ಣದಲ್ಲಿ ಬರೆದ ಸ್ಕಂದಗಿರಿ. ಬೆಟ್ಟದ ಸೊಂಟದ ಸುತ್ತ ಮಂಜು. ಹತ್ತಿರ ಹೋಗಿ ನೋಡಿದರೆ ಮಂಜೂ ಇಲ್ಲ, ಏನೂ ಇಲ್ಲ, ಬರೀ ಬಿಳಿ ಕಾಗದ. ಆ ಹುಡುಗಿ ಅಲ್ಲಿ ಕೈ ಹಚ್ಚದೆ ಬಿಟ್ಟಿದ್ದಳು, ಅಷ್ಟೇ. ಬಿಡುವುದೆಂದರೆ 'ಹೀಗೆ' ಎಂದು ರಮೇಶ್‌ಬಾಬುವಿಗೆ ಆಗ ಅರ್ಥವಾಯಿತು. ಅವನ ಚಿತ್ರದಲ್ಲಿ ಅವನು ಬಿಟ್ಟದ್ದನ್ನೂ ದಾರಿಯಲ್ಲಿ ಯಾರ್ಯಾರೋ ತುಂಬಿದ್ದರು.

ರಂಜನಿ ಮೇಡಂ ಓಡಿ ಬಂದರು. ಪಕ್ಕದಲ್ಲಿ ಅನಂತರಾಮಯ್ಯ ಮೇಷ್ಟ್ರು. ಗೌರಿಬಿದನೂರಿನಲ್ಲಿ ಬಹುಕಾಲ ಡ್ರಾಯಿಂಗ್ ಮಾಸ್ಟರಾಗಿದ್ದವರು, ಯಾವ ಚಿತ್ರ ಗೋಡೆಗೇರಬೇಕು, ಯಾವುದು ಮನೆಗೆ ಹೋಗಬೇಕು ಎಂದು ಹೇಳಬೇಕಾದವರು ಅವರೇ.

"ಎಲ್ಲಿ, ಬಿಚ್ಚಪ್ಪ," ಎಂದರು ಮೇಷ್ಟ್ರು.

ರಮೇಶ್‌ಬಾಬು ಗಂಟು ಬಿಚ್ಚಿ ಮೇಲಿನ ತಟ್ಟೆ ಎತ್ತಿದ. ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ತಲೆಯ ಮೇಲೆ, ಬೈತಲೆಯಲ್ಲಿ, ಹೆಗಲಿನಲ್ಲಿ, ಸೆರಗಿನ ಮೇಲೆ ಹಸಿ ಎಣ್ಣೆಗೆ ಚೆನ್ನಾಗಿ ಕಚ್ಚಿಕೊಂಡು ಕೂತಿತ್ತು. ಅವನು ಒಂದು ಚೂರು ಕೀಳಲು ಹೋದ. ಅದರ ಜೊತೆ ಹುಬ್ಬಿನ ತುದಿಯೂ ಎದ್ದು ಬಂತು.

"ಮುಟ್ಟಬೇಡಿ!" ಎಂದರು ರಂಜನಿ ಮೇಡಂ. ಅವರ ದನಿ ಏರಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಕ್ಷಮಿಸಿ ಮೇಡಂ. ಬಸ್ಸಲ್ಲಿ ಒಬ್ರು ಅಜ್ಜಿ ಹುಳ ಅಂದ್ಕೊಂಡು ಊಟ ಹಾಕ್ಬಿಟ್ರು." ರಮೇಶ್‌ಬಾಬು ತಲೆ ತಗ್ಗಿಸಿ ಮತ್ತೆ ತಟ್ಟೆ ಮುಚ್ಚಲು ಹೊರಟ. "ಮನೆಗೆ ತಗೊಂಡ್ ಹೋಗ್ತೀನಿ."

ಅಟ್ಟದ ಏಣಿ ಅವನ ಕಣ್ಣ ಮುಂದೆ ನಿಂತಿತ್ತು.

ಆಗಲೇ ಬಾಗಿಲಲ್ಲಿ ಗಲಾಟೆ. "ಎಲ್ಲೋ ಬಾಬು? ಏರ್ತಾ ಗೋಡೆಗೆ?" ಎನ್ನುತ್ತ ಚಿಕ್ಕವೆಂಕಟಮ್ಮ ಒಳಬಂದಳು. ಮಧ್ಯಾಹ್ನದ ಸೊಪ್ಪು ಹಾಕಿ, ಬಸ್ಸು ತಪ್ಪೀತೆಂದು ಕೈತೊಳೆದವಳೇ ಓಡಿ ಬಂದಿದ್ದಳು. ಶೋಭಾರಾಣಿ ಹಿಂದೆ ಏದುಸಿರು ಬಿಡುತ್ತ ಬಂದಳು. ಚಿಕ್ಕವೆಂಕಟಮ್ಮನ ಕೆದರಿದ ಕೂದಲಲ್ಲಿ, ಬೈತಲೆಯಲ್ಲಿ, ಹೆಗಲ ಮೇಲೆ, ಹಸಿರು ಸೊಪ್ಪಿನ ಚೂರುಗಳು.

ಮೇಷ್ಟ್ರು ಚಿತ್ರ ನೋಡಿದರು, ಅವಳನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಸುತ್ತ ಇದ್ದವರೂ ಹಾಗೆಯೇ ನೋಡಿದರು. ಶೋಭಾರಾಣಿ ಮೆಲ್ಲಗೆ ಹೇಳಿದಳು, "ರೀ, ಬಂದ್ಬಿಡ್ತಲ್ರೀ ಆ ಏನೋ ಒಂದು!"

ಚಿಕ್ಕವೆಂಕಟಮ್ಮ ತಟ್ಟೆಯ ಮೇಲೆ ಬಗ್ಗಿದಳು. ತನ್ನ ತಲೆಯಿಂದ ಒಂದು ಚೂರು ತೆಗೆದು, ಕೈಯಲ್ಲಿ ಹಿಡಿದು, ಚಿತ್ರದ ಚೂರಿನ ಪಕ್ಕಕ್ಕೆ ಹಿಡಿದು ನೋಡಿದಳು.

"ನಾನೇ ಕಣೋ," ಎಂದಳು. "ನಾನು ಹಿಂಗಿದೀನಾ ಬಾಬು? ಚೆನ್ನಾಗಿದೀನಲ್ಲೋ."

ರಮೇಶ್‌ಬಾಬು ಅವಳ ಹೆಗಲಿನಿಂದ ಜಾರುತ್ತಿದ್ದ ಇನ್ನೊಂದು ಚೂರನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

ಅನಂತರಾಮಯ್ಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನಷ್ಟು ಬಗ್ಗಿದರು. "ಜರಿಯಲ್ಲಿ ಏನೋ ಅಕ್ಷರದ ಹಾಗೆ ಕಾಣತ್ತಲ್ಲ?"

"ಟ್ರ್ಯಾಕ್ಟರ್ ಸಾರ್," ಎಂದ ರಮೇಶ್‌ಬಾಬು ಪ್ರಾಮಾಣಿಕವಾಗಿ.

"ಹೂಂ. ಇದು ಒಣಗೋದು ಯಾವಾಗ?"

"ಯಾವತ್ತೂ ಇಲ್ಲ ಸಾರ್. ಕಡಲೆಕಾಯಿ ಎಣ್ಣೆ."

ಮೇಷ್ಟ್ರು ನಗುತ್ತಲೇ ಇದ್ದರು, ಬಹಳ ಹೊತ್ತು. "ಹಸಿ ಚಿತ್ರ ಹಾಕಬಾರದು ಅಂತ ನಿಯಮ ಬರೆದೋನು ನಾನೇ. ಪಕ್ಕದ ಚಿತ್ರಕ್ಕೆ ಮೆತ್ತಬಾರದು ಅಂತ ಬರೆದಿದ್ದು. ಇದಕ್ಕೆ ಒಂದು ಗೋಡೆ ಪೂರ್ತಿ ಬಿಟ್ಟುಕೊಟ್ರೆ ಆಯ್ತು. ರಂಜನಿ, ಬಾಗಿಲಿಗೆ ನೇರವಾಗಿರೋ ಗೋಡೆ ಖಾಲಿ ಮಾಡಿಸಮ್ಮ."

ಚಿತ್ರ ಗೋಡೆಗೇರಿತು. ನಾಲ್ಕು ಜನವಲ್ಲ, ನಾನೂರು ಜನ ನೋಡಿದರು. ಕೆಳಗೆ ನಿಂತ ಚಿಕ್ಕವೆಂಕಟಮ್ಮನ ಜೊತೆ ಸೆಲ್ಫಿ ತೆಗೆದುಕೊಂಡರು. ಚಿಂತಾಮಣಿಯಿಂದ ಬಂದ ಒಬ್ಬಾಕೆ, "ನಮ್ಮಮ್ಮನೂ ಹಿಂಗೇ ಇದ್ರು," ಎಂದು ಕಣ್ಣೊರೆಸಿಕೊಂಡು, ಹೋಗಿ ಮತ್ತೆ ಬಂದು ನೋಡಿದಳು. ರಂಜನಿ ಮೇಡಂ ಶಿಷ್ಯನ ಪಕ್ಕಕ್ಕೆ ಬಂದು, "ಈ ಸಲ ಒಂದು ಮೂಲೆ ಅಲ್ಲ ರಮೇಶ್‌ಬಾಬು, ಪೂರ್ತಿ ಚೆನ್ನಾಗಿದೆ," ಎಂದರು. ಆ ಗಳಿಗೆಯಲ್ಲಿ ಅವನು ನೆಲದಿಂದ ಒಂದು ಗೇಣು ಮೇಲಿದ್ದ.

ಚಿಕ್ಕವೆಂಕಟಮ್ಮ ಎಲ್ಲರ ಎದುರಿಗೇ ಮಾತು ಉಳಿಸಿಕೊಂಡಳು. "ಗೆದ್ದೆ ಕಣಪ್ಪ ನೀನು. ಇನ್ಮೇಲೆ ಭಾನುವಾರ ನಿನ್ನ ಹುಳದ ಮನೆಗೆ ಕರಿಯಲ್ಲ. ಭಾನುವಾರ ಪೂರ್ತಿ ನಿಂದೇ."

ಸಂಜೆಯಾಗುತ್ತ ಬಂತು. ಗೋಡೆಗೆ ಬಿಟ್ಟ ದೊಡ್ಡ ದೀಪದ ಬಿಸಿಗೆ, ಮೇಲಿನ ಫ್ಯಾನಿನ ಗಾಳಿಗೆ ಸೊಪ್ಪಿನ ಚೂರುಗಳು ಮುದುರತೊಡಗಿದವು. ಮೊದಲು ಕಂಡುಹಿಡಿದವಳು ಚಿಕ್ಕವೆಂಕಟಮ್ಮನೇ. ಬಾಡಿದ ಸೊಪ್ಪು ಎಷ್ಟು ದೂರದಲ್ಲಿದ್ದರೂ ಅವಳ ಕಣ್ಣಿಗೆ ಬೀಳುತ್ತದೆ.

"ಬಾಬು, ಸೊಪ್ಪು ಬಾಡ್ತು ಕಣೋ! ಬಾಡಿದ ಸೊಪ್ಪು ತಲೇಲಿಟ್ಕೊಂಡು ಯುಗಾದಿವರ್ಗೂ ಜನದ ಮುಂದೆ ನಿಂತ್ಕೊಳ್ಲಾ ನಾನು? ಚಿಕ್ಕವೆಂಕಟಮ್ಮ ಹುಳಕ್ಕೆ ಬಾಡಿದ್ದು ಹಾಕ್ತಾಳೆ ಅಂತ ಆಡ್ಕೋತಾರೆ!"

"ಅದಕ್ಕೇನಮ್ಮ, ಬದಲಾಯಿಸಿದ್ರಾಯ್ತು," ಎಂದರು ಅನಂತರಾಮಯ್ಯ ಮೇಷ್ಟ್ರು. "ಬೇರೆ ಎಣ್ಣೆ ಆಗಿದ್ರೆ ಒಣಗಿ, ಹೊಸ ಸೊಪ್ಪು ಅಂಟ್ತಾನೇ ಇರ್ಲಿಲ್ಲ. ಇದಕ್ಕೆ ಎಷ್ಟು ಸಲ ಬೇಕಾದ್ರೂ ಅಂಟತ್ತೆ. ಪ್ರದರ್ಶನ ಬರೀ ಭಾನುವಾರ ತಾನೇ. ಭಾನುವಾರ ನಿಮ್ಮ ಮಗನಿಗೆ ಬಿಡುವಿದ್ಯಾ?"

"ಪೂರ್ತಿ ಬಿಡುವು ಸಾರ್," ಎಂದಳು ಚಿಕ್ಕವೆಂಕಟಮ್ಮ ಹೆಮ್ಮೆಯಿಂದ. "ಈಗ್ತಾನೆ ಬಿಟ್ಟುಕೊಟ್ಟಿದೀನಿ."

"ಯುಗಾದಿ ಆದ್ಮೇಲೂ ಈ ಚಿತ್ರ ಇಲ್ಲೇ ಇರ್ಲಿ ಅಂತ ಭವನದವರು ಕೇಳ್ತಿದಾರೆ," ಎಂದು ರಂಜನಿ ಮೇಡಂ ಸಂತೋಷದಿಂದ ಸೇರಿಸಿದರು.

ರಮೇಶ್‌ಬಾಬು ಮೆಲ್ಲಗೆ ನೆಲಕ್ಕಿಳಿದ. "ಬೆಳಗ್ಗೆ ಒಂದ್ಸಲ ಬದಲಾಯಿಸಿದ್ರೆ ಸಾಕಲ್ಲಮ್ಮ?"

"ಈ ದೀಪದ ಬಿಸೀಲಿ ಒಂದ್ಸಲಕ್ಕೆ ನಿಲ್ಲತ್ತಾ? ಮೂರು ಹೊತ್ತೂ ಹಾಕ್ಬೇಕು. ಸಣ್ಣಗೆ ಹೆಚ್ಚು, ದಪ್ಪ ಹೆಚ್ಚಿದ್ರೆ ನನ್ ತಲೆ ಪೊದೆ ಥರ ಕಾಣತ್ತೆ."

ಮುಂದಿನ ಭಾನುವಾರ ಬೆಳಗಿನ ಬಸ್ಸಿನಲ್ಲಿ ರಮೇಶ್‌ಬಾಬು ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆ ಸೊಪ್ಪಿನ ಕಟ್ಟು, ಮಣೆ, ಚಾಕು ಹಿಡಿದು ನಿಂತಿದ್ದ. ಸೀಟಿನಿಂದ ಎರಡು ಕೈ ಚಾಚಿದವು.

"ಕೊಡು ನಾಯನಾ, ಇಟ್ಕೋತೀನಿ," ಎಂದಳು ಅಮ್ಮಾಜಮ್ಮ. ಗುರುತು ಹಿಡಿದು ಮುಖ ಅರಳಿಸಿದಳು. "ಹುಳ ಹೆಂಗಿದಾವೆ? ಆವತ್ತು ಹಾಕಿದ್ದು ತಿಂದ್ವಾ?"

"ಚೆನ್ನಾಗಿ ತಿಂದ್ವು ಅಜ್ಜಿ. ಈಗ ಮೂರು ಹೊತ್ತೂ ಕೇಳ್ತಿವೆ."

"ಕೇಳ್ಬೇಕು! ನನ್ ಕೈಗುಣ ಅದು. ಇನ್ನೇನು, ಕೆಲವೇ ದಿನ. ಗೂಡು ಕಟ್ಟಿದ್ಮೇಲೆ ನಿಂಗೆ ಆರಾಮು."

ರಮೇಶ್‌ಬಾಬು ಕಿಟಕಿಯಾಚೆ ನೋಡಿದ. ದೂರದಲ್ಲಿ ಸ್ಕಂದಗಿರಿ ಮಂಜು ಸುತ್ತಿಕೊಂಡು, ಬಿಟ್ಟ ಕಾಗದದಂತೆ ಬೆಳ್ಳಗೆ ನಿಂತಿತ್ತು.

"ಇವು ಕಟ್ಟಲ್ಲ ಅಜ್ಜಿ," ಎಂದ. "ತಿಂತಾನೇ ಇರ್ತಾವೆ."